ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್: ಶಿಕಾರಿಪುರ, ಸೊರಬದ ಫೋನುಗಳಿಗೆ ಬರುವ ಮಾತುಗಳಲ್ಲಿ ನಿಜ ಎಷ್ಟು?

ಪದವಿಯ ಕೊನೆಯ ಸೆಮಿಸ್ಟರ್ ಹತ್ತಿರ ಬಂತೆಂದರೆ ಕಾಲೇಜಿನ ವಾಟ್ಸಪ್ ಗ್ರೂಪುಗಳಲ್ಲಿ ಒಂದೇ ಧಾಟಿಯ ಸಂದೇಶಗಳು ಓಡಾಡತೊಡಗುತ್ತವೆ. “ಬೆಂಗಳೂರಿನ ಪ್ರತಿಷ್ಠಿತ ಕಂಪನಿಯಲ್ಲಿ ಇಂಟರ್ನ್‌ಶಿಪ್. ಅನುಭವ ಬೇಕಿಲ್ಲ. ಮುಗಿದ ಮೇಲೆ ಕೆಲಸ ಗ್ಯಾರಂಟಿ. ನೋಂದಣಿ ಶುಲ್ಕ ಮಾತ್ರ. ಇವತ್ತೇ ಕೊನೆಯ ದಿನ. ಅಗತ್ಯ ಇರುವವರಿಗೆ ಫಾರ್ವರ್ಡ್ ಮಾಡಿ.”

ಕಳಿಸಿದವರ ಮನಸ್ಸು ಸಾಮಾನ್ಯವಾಗಿ ಒಳ್ಳೆಯದೇ. ಯಾರದೋ ಮನೆಯ ಮಗುವಿಗೆ ದಾರಿಯಾಗಲಿ ಎಂದು ಮಾವನೋ, ಅತ್ತಿಗೆಯೋ, ಹಳೆಯ ಮೇಷ್ಟ್ರೋ ಕಳಿಸಿರುತ್ತಾರೆ. ಆದರೆ ಅದನ್ನು ನಂಬಿ ಬಸ್ಸು ಹತ್ತುವ ಹುಡುಗ ಅಥವಾ ಹುಡುಗಿಯ ಹಿಂದೆ ಒಂದು ಮನೆಯ ಅಡಿಕೆಯ ದುಡ್ಡೋ, ಶುಂಠಿಯ ದುಡ್ಡೋ, ಸಂಘದ ಸಾಲವೋ ಇರುತ್ತದೆ. ಶಿಕಾರಿಪುರ, ಸೊರಬದಿಂದ ಬೆಂಗಳೂರು 300 ಕಿಲೋಮೀಟರಿಗೂ ದೂರ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ರೈಲು ಮಾರ್ಗ ಇನ್ನೂ ಪೂರ್ತಿಯಾಗಬೇಕಿದೆ. ಸದ್ಯಕ್ಕೆ ರಾತ್ರಿ ಬಸ್ಸು, ಇಲ್ಲವೇ ಶಿವಮೊಗ್ಗ ಅಥವಾ ಸಾಗರಕ್ಕೆ ಹೋಗಿ ರೈಲು. ಬೆಂಗಳೂರಿನಲ್ಲೇ ಮನೆ ಇರುವವರಿಗೆ ಕೆಟ್ಟ ಇಂಟರ್ನ್‌ಶಿಪ್ ಎಂದರೆ ಕೆಲವು ತಿಂಗಳು ವ್ಯರ್ಥ, ಅಷ್ಟೆ. ಇಲ್ಲಿಂದ ಹೋದವರಿಗೆ ಅದು ಮನೆಯ ಒಂದು ಬೆಳೆಯ ದುಡ್ಡು.

ಹಾಗಾಗಿ ಇಂಟರ್ನ್‌ಶಿಪ್ ಬಗ್ಗೆ ಹೆಚ್ಚಾಗಿ ಓಡಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಇಂಟರ್ನ್‌ಶಿಪ್ ನಿಜವೋ ಅಲ್ಲವೋ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು: ದುಡ್ಡು ಯಾರಿಂದ ಯಾರಿಗೆ ಹೋಗುತ್ತಿದೆ? ಕಲಿಸುವವರು ಯಾರು? ದುಡ್ಡು ನಿಮ್ಮಿಂದ ಅವರಿಗೆ ಹೋಗುತ್ತಿದ್ದರೆ ಅದು ಕೋರ್ಸು ಇರಬಹುದು, ಮೋಸವೂ ಇರಬಹುದು, ಇಂಟರ್ನ್‌ಶಿಪ್ ಅಲ್ಲ. ಕಲಿಸುವವರ ಹೆಸರು ಹೇಳಲು ಅವರಿಗೆ ಆಗದಿದ್ದರೆ ಅದು ಬಿಟ್ಟಿ ದುಡಿಮೆ. ಈ ಎರಡೂ ಸರಿ ಇದ್ದರೆ ಇಂಗ್ಲಿಷ್, ಶಿಫಾರಸು, ಊರು ಇವೆಲ್ಲ ನಾವು ಹೆದರುವಷ್ಟು ದೊಡ್ಡ ಅಡ್ಡಿಗಳಲ್ಲ.

ಇಂಟರ್ನ್ ಬೇರೆ, ಅಪ್ರೆಂಟಿಸ್ ಬೇರೆ

ಕೆಲಸ ಮಾಡುತ್ತಲೇ ಕಲಿಯುವುದು ನಮ್ಮ ಸೀಮೆಗೆ ಹೊಸದಲ್ಲ. ಸೊರಬ, ಸಾಗರದ ಗುಡಿಗಾರರ ಮನೆಗಳಲ್ಲಿ ಗಂಧದ ಕೆತ್ತನೆ ಕಿರಿಯರಿಗೆ ಬಂದದ್ದು ಹಿರಿಯರ ಪಕ್ಕ ಕೂತು. ಮೊದಲ ದಿನವೇ ಯಾರೂ ಮೂರ್ತಿ ಕೆತ್ತುವುದಿಲ್ಲ. ಆದರೆ ಉಳಿ ಹಿಡಿಯುವುದನ್ನು ತಿದ್ದಲು ಪಕ್ಕದಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಆಫೀಸಿನ ಇಂಟರ್ನ್‌ಶಿಪ್ ಕೂಡ ಹಾಗೇ ಇರಬೇಕು.

ಕಾನೂನಿನಲ್ಲಿ ಮಾತ್ರ ಒಂದು ವ್ಯತ್ಯಾಸವಿದೆ. ಅಪ್ರೆಂಟಿಸ್ ಎಂಬುದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಈ ಕಾಯ್ದೆಯಡಿ ಸೇರಿದವರ ಜೊತೆ ಸಂಸ್ಥೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಬೇಕು, ಅದನ್ನು ನೋಂದಾಯಿಸಬೇಕು, ನಿಗದಿಪಡಿಸಿದ ಕನಿಷ್ಠ ಶಿಷ್ಯವೇತನ ಕೊಡಬೇಕು. ಕೆಲಸದ ಜಾಗದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆಯೂ ಸಂಸ್ಥೆಯದು. 2019ರ ತಿದ್ದುಪಡಿಯ ಪ್ರಕಾರ ಈ ಕನಿಷ್ಠ ಮೊತ್ತ ಪದವೀಧರರಿಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾ ಆದವರಿಗೆ 8,000 ರೂಪಾಯಿ. 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಇದನ್ನು ಶೇ 36ರಷ್ಟು ಹೆಚ್ಚಿಸಲು ಶಿಫಾರಸು ಮಾಡಿತು. ಹಾಗಾಗಿ ನೀವು ಸೇರುವ ದಿನ ಎಷ್ಟಿದೆ ಎಂದು ಸರ್ಕಾರಿ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ.

“ಇಂಟರ್ನ್” ಎಂಬ ಹೆಸರಿಗೆ ಇಷ್ಟು ಬಿಗಿಯಾದ ಕಾನೂನಿನ ಬೇಲಿ ಇಲ್ಲ. ಕಾಲೇಜು ಕಳಿಸಿದ ಇಂಟರ್ನ್‌ಶಿಪ್‌ಗೆ ವಿಶ್ವವಿದ್ಯಾಲಯದ ನಿಯಮ ಇರುತ್ತದೆ. ಉಳಿದಂತೆ ನಿಮ್ಮ ಕೈಯಲ್ಲಿರುವ ಪತ್ರದಲ್ಲಿ ಏನು ಬರೆದಿದೆಯೋ ಅಷ್ಟೇ ನಿಮಗೆ ಆಧಾರ. ಆದ್ದರಿಂದ ಅವಕಾಶ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: “ಸಾರ್, ಇದು ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿ ಆಗುತ್ತದೆಯೇ, ಅಥವಾ ಬರೀ ಇಂಟರ್ನ್‌ಶಿಪ್ಪೇ?” ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ.

ಮಾತು 1: “ಮೊದಲು ಸ್ವಲ್ಪ ಹಣ ಕಟ್ಟಬೇಕು, ಆಮೇಲೆ ವಾಪಸ್ ಬರುತ್ತದೆ”

ಇದು ಸುಳ್ಳು. ಕೆಲಸ ಕೊಡುವವರು ಕೆಲಸಕ್ಕೆ ಬರುವವರಿಂದ ಡಿಪಾಸಿಟ್, ಲ್ಯಾಪ್‌ಟಾಪ್ ಭದ್ರತಾ ಹಣ, ಐಡಿ ಕಾರ್ಡ್ ಶುಲ್ಕ, ದಾಖಲೆ ಪರಿಶೀಲನೆಯ ಶುಲ್ಕ ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಮೊತ್ತ ಚಿಕ್ಕದಾಗಿರುವುದೇ ಈ ಮೋಸದ ಜಾಣತನ. ಸಾವಿರ ರೂಪಾಯಿಗೆ ಯಾರೂ ಪೊಲೀಸ್ ಠಾಣೆಗೆ ಹೋಗುವುದಿಲ್ಲ ಎಂದು ಅವರಿಗೆ ಗೊತ್ತು. “ಇವತ್ತೇ ಕೊನೆ” ಎನ್ನುವುದು ನೀವು ಮನೆಯಲ್ಲಿ ಯಾರನ್ನೂ ಕೇಳಬಾರದು ಎಂದು.

ಪರೀಕ್ಷಿಸುವುದು ಕಷ್ಟವಲ್ಲ. ಕಂಪನಿಯ ಹೆಸರು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಇದೆಯೇ ನೋಡಿ. ಹೆಸರಿದ್ದ ಮಾತ್ರಕ್ಕೆ ಸಂದೇಶ ನಿಜ ಎಂದಲ್ಲ. ಒಳ್ಳೆಯ ಕಂಪನಿಯ ಹೆಸರನ್ನು ಮೋಸಗಾರರು ಬಳಸುವುದೇ ಹೆಚ್ಚು. ಹಾಗಾಗಿ ಸಂದೇಶದಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಕಂಪನಿಯ ವೆಬ್‌ಸೈಟನ್ನು ನೀವೇ ಹುಡುಕಿ, ಅಲ್ಲಿನ ನಂಬರಿಗೆ ಮಾಡಿ, “ಇಂಥ ಅವಕಾಶ ನಿಮ್ಮಲ್ಲಿದೆಯೇ” ಎಂದು ಕೇಳಿ. ದೊಡ್ಡ ಕಂಪನಿಯ ಹೆಸರಿನಲ್ಲಿ ಜಿಮೇಲ್ ವಿಳಾಸದಿಂದ ಆಫರ್ ಬಂದರೆ ಅನುಮಾನ ಪಡಿ. ಇನ್ನೊಂದು ಮಾತು ನೆನಪಿರಲಿ: ನಿಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಒತ್ತುವ ಅಗತ್ಯ ಯಾವತ್ತೂ ಇರುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು ಹಣ ಕೇಳದೆ ಬರುವ “ಮನೆಯಿಂದಲೇ ಇಂಟರ್ನ್‌ಶಿಪ್”. ನಿಮ್ಮ ಬ್ಯಾಂಕ್ ಖಾತೆಗೆ ಬಂದ ಹಣವನ್ನು ಅವರು ಹೇಳಿದ ಖಾತೆಗೆ ಕಳಿಸಿದರೆ ಕಮಿಷನ್ ಸಿಗುತ್ತದೆ ಎನ್ನುತ್ತಾರೆ. ಆ ಹಣ ಬೇರೆ ಯಾರಿಂದಲೋ ಮೋಸದಿಂದ ಕಿತ್ತದ್ದು. ಪೊಲೀಸರು ಹುಡುಕಿಕೊಂಡು ಬರುವುದು ಮೊದಲು ನಿಮ್ಮ ಹೆಸರಿನ ಖಾತೆಗೆ. ಖಾತೆ, ಎಟಿಎಂ ಕಾರ್ಡ್, ಸಿಮ್ ಇವನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ. ಹಣ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಕ್ಕೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು.

ಮಾತು 2: “ಸಂಬಳ ಇಲ್ಲದಿದ್ದರೇನು, ಅನುಭವ ಸಿಗುತ್ತದಲ್ಲ”

ಅರ್ಧ ನಿಜ. ಬೆಂಗಳೂರಿನಲ್ಲಿ ಮನೆ ಇರುವವರಿಗೆ ಈ ಮಾತು ಸಲ್ಲಬಹುದು. ಊರಿನಿಂದ ಹೋಗುವವರು ಮೊದಲು ಲೆಕ್ಕ ಹಾಕಬೇಕು.

ಉದಾಹರಣೆಗೆ ಹೀಗೆ ಹಿಡಿಯೋಣ. ಮೂವರು ಹಂಚಿಕೊಳ್ಳುವ ಪಿಜಿ ರೂಮು ಊಟ ಸೇರಿ 8,000 ರೂಪಾಯಿ. ಓಡಾಟಕ್ಕೆ 1,500. ಫೋನು, ಔಷಧಿ, ಸೋಪು, ಹೊರಗಿನ ತಿಂಡಿ 2,000. ತಿಂಗಳಿಗೊಮ್ಮೆ ಊರಿಗೆ ಹೋಗಿಬರಲು 1,000. ಒಟ್ಟು 12,500. ಆರು ತಿಂಗಳಿಗೆ 75,000. ಕಂಪನಿ ತಿಂಗಳಿಗೆ 5,000 ಕೊಟ್ಟರೂ ಮನೆಯಿಂದ 45,000 ಹೋಗಬೇಕು. ಪಿಜಿಯ ಅಡ್ವಾನ್ಸ್ ಬೇರೆ. ನಿಮ್ಮ ಲೆಕ್ಕದಲ್ಲಿ ಅಂಕಿಗಳು ಬೇರೆ ಇರಬಹುದು. ಆದರೆ ಹೊರಡುವ ಮೊದಲೇ ಮನೆಯವರ ಜೊತೆ ಕೂತು ಒಂದು ಹಾಳೆಯ ಮೇಲೆ ಈ ಲೆಕ್ಕ ಬರೆಯಿರಿ. “ಸಂಬಳ ಇಲ್ಲ” ಎಂದರೆ ಆ ಕಂಪನಿಯ ಕೆಲಸಕ್ಕೆ ನಿಮ್ಮ ಮನೆಯವರು ಸಂಬಳ ಕೊಡುತ್ತಿದ್ದಾರೆ ಎಂದೇ ಅರ್ಥ.

ಖರ್ಚು ಇಳಿಸುವ ದಾರಿಗಳೂ ಇವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಊರಿನಿಂದ ಬೆಂಗಳೂರಿಗೂ, ಬೆಂಗಳೂರಿನೊಳಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಿಗೂ ಇದು ಅನ್ವಯ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗಿಲ್ಲ. ಪಿಜಿ ಹುಡುಕುವಾಗ ಬಾಡಿಗೆ ಕಡಿಮೆ ಎಂದು ಆಫೀಸಿನಿಂದ ಬಹಳ ದೂರ ಹೋಗಬೇಡಿ. ಉಳಿದ ಸಾವಿರ ರೂಪಾಯಿಗೆ ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಕಳೆಯಬೇಕಾಗುತ್ತದೆ. 2024ರ ಆಗಸ್ಟಿನಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು: ಸಿಸಿಟಿವಿ, ಒಬ್ಬರಿಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಕಾವಲುಗಾರರು ಇರಬೇಕು. ಎಲ್ಲ ಪಿಜಿಗಳಲ್ಲೂ ಇವೆಲ್ಲ ಇರುತ್ತವೆ ಎಂದಲ್ಲ. ಅಡ್ವಾನ್ಸ್ ಕೊಡುವ ಮೊದಲು ಹೋಗಿ ನೋಡಿ ಕೇಳಲು ಇದು ಒಳ್ಳೆಯ ಪಟ್ಟಿ. ಅಡ್ವಾನ್ಸಿಗೆ ರಸೀದಿ ಪಡೆಯಿರಿ, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ ಎಂದು ಮೊದಲೇ ಬರೆಸಿಕೊಳ್ಳಿ.

ಮಾತು 3: “ಇಂಟರ್ನ್‌ಶಿಪ್ ಮಾಡಿದರೆ ಸರ್ಕಾರ ಎಲ್ಲರಿಗೂ 5,000 ಕೊಡುತ್ತದೆ”

“ಎಲ್ಲರಿಗೂ” ಎಂಬುದು ತಪ್ಪು. ಈ ಸಂದೇಶದ ಮೂಲ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. 2024ರ ಜುಲೈ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 3ರಂದು ಪ್ರಾಯೋಗಿಕವಾಗಿ ಶುರುವಾಯಿತು. ಶುರುವಾದಾಗಿನ ನಿಯಮ ಹೀಗಿತ್ತು: 21ರಿಂದ 24 ವರ್ಷದವರಿಗೆ, 12 ತಿಂಗಳು, ತಿಂಗಳಿಗೆ 5,000 ರೂಪಾಯಿ. ಇದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದ್ದು. ಸೇರುವಾಗ ಒಂದು ಸಲ 6,000 ರೂಪಾಯಿ ಬೇರೆ. ಪೂರ್ಣಾವಧಿ ಕೆಲಸ ಅಥವಾ ಓದಿನಲ್ಲಿರುವವರಿಗೆ, ವರ್ಷಕ್ಕೆ 8 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯದ ಕುಟುಂಬದವರಿಗೆ, ಮನೆಯಲ್ಲಿ ಕಾಯಂ ಸರ್ಕಾರಿ ನೌಕರರಿರುವವರಿಗೆ ಇಲ್ಲ. ಎಸ್ಸೆಸ್ಸೆಲ್ಸಿ, ಐಟಿಐ, ಡಿಪ್ಲೊಮಾ, ಬಿಎ, ಬಿಕಾಂ ಆದವರೂ ಅರ್ಜಿ ಹಾಕಬಹುದಿತ್ತು. ಅರ್ಜಿ ಶುಲ್ಕ ಇಲ್ಲ. “ಪ್ರಧಾನಮಂತ್ರಿ ಯೋಜನೆಗೆ ನೋಂದಣಿ ಶುಲ್ಕ” ಎಂದು ಯಾರಾದರೂ ಕೇಳಿದರೆ ಅದು ಯೋಜನೆಯ ಹೆಸರಿನಲ್ಲಿ ನಡೆಯುವ ಮೋಸ. ಪ್ರಾಯೋಗಿಕ ಯೋಜನೆಯ ನಿಯಮಗಳು ಬದಲಾಗಬಹುದಾದ್ದರಿಂದ ಹಳೆಯ ಫಾರ್ವರ್ಡ್ ನಂಬದೆ ಪೋರ್ಟಲ್ ನೋಡಿ.

ಹೊಸದಾಗಿ ಪದವಿ ಅಥವಾ ಡಿಪ್ಲೊಮಾ ಮುಗಿಸಿದವರಿಗೆ ಇನ್ನೊಂದು ದಾರಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ. ಸಾಮಾನ್ಯವಾಗಿ ನ್ಯಾಟ್ಸ್ ಎನ್ನುತ್ತಾರೆ. ಇದರಲ್ಲಿ ಕನಿಷ್ಠ ಶಿಷ್ಯವೇತನದ ಅರ್ಧ ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಇದಕ್ಕೂ ಶುಲ್ಕವಿಲ್ಲ.

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಗೊಂದಲ ಇರುವುದು ಯುವನಿಧಿಯ ಬಗ್ಗೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಚಾಲನೆ ಸಿಕ್ಕ ಈ ಯೋಜನೆಯಲ್ಲಿ, ಓದು ಮುಗಿದು 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅಪ್ರೆಂಟಿಸ್ ಆಗಿ ವೇತನ ಪಡೆಯುವವರು, ಮುಂದೆ ಓದುತ್ತಿರುವವರು ಇದಕ್ಕೆ ಅರ್ಹರಲ್ಲ. ಎರಡನ್ನೂ ಒಟ್ಟಿಗೆ ಪಡೆಯಬಹುದು ಎಂಬ ಸಂದೇಶ ನಂಬಿ ಸುಳ್ಳು ಘೋಷಣೆ ಕೊಟ್ಟು ತೊಂದರೆಗೆ ಸಿಲುಕಬೇಡಿ.

ಮಾತು 4: “ಬಾಂಡ್‌ಗೆ ಬೆಲೆಯೇ ಇಲ್ಲ, ಸಹಿ ಹಾಕಿ ಬಿಡು”

ಅಪಾಯಕಾರಿ ಸಲಹೆ. “ಬಾಂಡ್ ಬರೆದುಕೊಟ್ಟರೆ ಜೀವನಪೂರ್ತಿ ಸಿಕ್ಕಿಬಿದ್ದೆ” ಎಂಬುದೂ ಅಷ್ಟೇ ತಪ್ಪು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿಗೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕು ಎಂಬ ಷರತ್ತು ಅಲ್ಲಿ ಪ್ರಶ್ನೆಯಾಗಿತ್ತು. ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಅದು ಸಾರ್ವಜನಿಕ ಬ್ಯಾಂಕಿನ ಕಾಯಂ ಕೆಲಸ, ಇಂಟರ್ನ್‌ಶಿಪ್ ಅಲ್ಲ. ಆದರೂ ಬಾಂಡ್ ಬರೀ ಕಾಗದ ಎನ್ನುವಂತಿಲ್ಲ ಎಂಬುದು ಅದರಿಂದ ಸ್ಪಷ್ಟ. ಇನ್ನೊಂದು ಕಡೆ, 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಒಪ್ಪಂದದಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ಕೋರ್ಟ್ ಕೊಡಿಸುವುದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರವನ್ನು ಮಾತ್ರ. ಕಲಿಸಲು ಏನೂ ಖರ್ಚು ಮಾಡದವರು ಲಕ್ಷಗಟ್ಟಲೆ ವಸೂಲಿ ಮಾಡುವುದು ಸುಲಭವಲ್ಲ.

ಹಾಗಾಗಿ ಸಹಿ ಹಾಕುವ ಮೊದಲು ಒಂದು ದಿನ ಸಮಯ ಕೇಳಿ. ಗೊತ್ತಿರುವ ವಕೀಲರಿಗೋ ಮೇಷ್ಟ್ರಿಗೋ ಪತ್ರದ ಫೋಟೊ ಕಳಿಸಿ. ಎರಡು ವಸ್ತುಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟು ಬರಬೇಡಿ: ಮೂಲ ಅಂಕಪಟ್ಟಿ ಮತ್ತು ಸಹಿ ಹಾಕಿದ ಖಾಲಿ ಚೆಕ್. ಮೂಲ ದಾಖಲೆಗಳನ್ನು ತೋರಿಸಿ ಅಲ್ಲೇ ವಾಪಸ್ ಪಡೆಯಿರಿ, ನಕಲು ಕೊಡಿ. ಖಾಲಿ ಚೆಕ್‌ನಲ್ಲಿ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದರೆ ಚೆಕ್ ಬೌನ್ಸ್ ಪ್ರಕರಣ ನಿಮ್ಮ ಮೇಲೆ ಬರುತ್ತದೆ.

ಮಾತು 5: “ಇಂಗ್ಲಿಷ್ ಬರದಿದ್ದರೆ ಮುಗಿಯಿತು. ಮಾತಿಗಿಂತ ಸ್ಟೈಲ್ ಮುಖ್ಯ, ಶೇ 93 ಬಾಡಿ ಲಾಂಗ್ವೇಜು”

ಸ್ಪೋಕನ್ ಇಂಗ್ಲಿಷ್, ವ್ಯಕ್ತಿತ್ವ ವಿಕಸನ ತರಗತಿಗಳ ಜಾಹೀರಾತಿನಲ್ಲಿ ಈ ಶೇ 93 ಪದೇ ಪದೇ ಕಾಣುತ್ತದೆ. ಇದರ ಮೂಲ ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಒಬ್ಬರ ಮಾತು ಒಂದು ಹೇಳಿ, ದನಿ ಮತ್ತು ಮುಖ ಇನ್ನೊಂದು ಹೇಳುವಾಗ ಅವರಿಗೆ ನಮ್ಮ ಮೇಲೆ ಇಷ್ಟವಿದೆಯೋ ಇಲ್ಲವೋ ಎಂದು ಜನ ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ವಿಷಯ. ಎಲ್ಲ ಸಂವಹನಕ್ಕೂ ಅದು ಸಲ್ಲುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಆಫೀಸಿನಲ್ಲಿ “ಈ ಪಟ್ಟಿಯಲ್ಲಿ ಎಷ್ಟು ಗ್ರಾಹಕರ ಬಾಕಿ ಇದೆ” ಎಂದು ಕೇಳಿದರೆ ಸ್ಟೈಲಿನಿಂದ ಉತ್ತರ ಬರುವುದಿಲ್ಲ.

ಇಂಗ್ಲಿಷ್ ಬೇಕು ಎಂಬುದು ನಿಜ. ಆದರೆ ಬೇಕಾಗುವುದು ಸಿನಿಮಾದ ಇಂಗ್ಲಿಷಲ್ಲ. ದಿನಕ್ಕೆ ಹತ್ತಿಪ್ಪತ್ತು ಸಲ ಬಳಕೆಯಾಗುವ ಕೆಲವು ವಾಕ್ಯಗಳು ಮೊದಲು ಬರಬೇಕು: ಕೆಲಸ ಮುಗಿದಿದೆ, ಇಲ್ಲಿ ತೊಡಕಾಗಿದೆ, ಯಾವಾಗ ಬೇಕು, ಇನ್ನೊಮ್ಮೆ ಹೇಳಿ, ನಾಳೆ ಬೆಳಿಗ್ಗೆ ಕೊಡುತ್ತೇನೆ. ಆಫೀಸಿನ ಬಹುಪಾಲು ಇಂಗ್ಲಿಷ್ ಬರಹದಲ್ಲಿ ನಡೆಯುತ್ತದೆ, ಬರಹದಲ್ಲಿ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಮೊದಲ ವಾರ ಆಫೀಸಿನಲ್ಲಿ ಬಂದ ಒಳ್ಳೆಯ ಇಮೇಲುಗಳ ಧಾಟಿ ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ತಿಂಗಳೊಳಗೆ ಅವೇ ನಿಮ್ಮ ಕೈಗೆ ಬರುತ್ತವೆ. ಬೆಂಗಳೂರಿನ ಆಫೀಸುಗಳಲ್ಲಿ ಕನ್ನಡ ಬಲ್ಲವರಿಗೂ ಕೊರತೆಯಿಲ್ಲ. ಗ್ರಾಹಕರ ಜೊತೆ, ಸರ್ಕಾರಿ ಕಚೇರಿಗಳ ಜೊತೆ ಸರಿಯಾದ ಕನ್ನಡದಲ್ಲಿ ಮಾತಾಡಿ ಪತ್ರ ಬರೆಯಬಲ್ಲವರು ಬೇಕಾದ ಕೆಲಸಗಳೂ ಇವೆ.

ಮಾತು 6: “ಪ್ರಶ್ನೆ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ”

ಇದನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಬ್ರೂಕ್ಸ್, ಜೀನೋ, ಶ್ವೈಟ್ಜರ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸ ನಿಜಕ್ಕೂ ಕಷ್ಟದ್ದಾಗಿದ್ದಾಗ ಸಲಹೆ ಕೇಳುವವರನ್ನು ಜನ ಹೆಚ್ಚು ಸಮರ್ಥರೆಂದೇ ಎಣಿಸುತ್ತಾರೆ. ಸುಲಭದ ಕೆಲಸಕ್ಕೆ ಕೇಳಿದರೆ ಆ ಲಾಭವಿಲ್ಲ. ಹಾಗಾಗಿ ಕೇಳುವ ರೀತಿ ಮುಖ್ಯ. “ಸಾರ್, ಇದು ಗೊತ್ತಾಗ್ತಿಲ್ಲ” ಎನ್ನುವ ಬದಲು “ಮೇಡಂ, ಈ ಎರಡು ರೀತಿ ಮಾಡಿ ನೋಡಿದೆ, ಇಲ್ಲಿ ತಪ್ಪು ಬರುತ್ತಿದೆ, ಯಾವುದು ಸರಿ?” ಎಂದು ಕೇಳಿ. ಒಂದರ್ಧ ಗಂಟೆ ನೀವೇ ಹೆಣಗಿ, ಆಮೇಲೆ ಕೇಳಿ. ದಿನವಿಡೀ ಸುಮ್ಮನಿದ್ದು ಸಂಜೆ “ಆಗಲಿಲ್ಲ” ಎನ್ನಬೇಡಿ. ಹೇಳಿಕೊಟ್ಟದ್ದನ್ನು ಬರೆದಿಟ್ಟುಕೊಂಡರೆ ಅದೇ ಪ್ರಶ್ನೆ ಎರಡನೇ ಸಲ ಕೇಳುವ ಮುಜುಗರ ಇರುವುದಿಲ್ಲ.

“ಇಲ್ಲಿ ಎಲ್ಲರಿಗೂ ಎಲ್ಲ ಗೊತ್ತು, ನನ್ನನ್ನು ತಪ್ಪಿ ಆಯ್ಕೆ ಮಾಡಿದ್ದಾರೆ” ಎಂಬ ಅಳುಕು ಹಳ್ಳಿಯಿಂದ ಬಂದವರಿಗೆ ಮಾತ್ರ ಇರುವುದೂ ಅಲ್ಲ. ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಇಮ್ಸ್ ಎಂಬ ಮನಃಶಾಸ್ತ್ರಜ್ಞೆಯರು 1978ರಲ್ಲೇ, ಚೆನ್ನಾಗಿ ಓದಿ ಸಾಧನೆ ಮಾಡಿದ ಹೆಂಗಸರಲ್ಲೂ ಈ ಭಾವನೆ ಇರುವುದನ್ನು ಗುರುತಿಸಿ ಅದಕ್ಕೆ ಹೆಸರು ಕೊಟ್ಟರು. ಇದು ಕಾಯಿಲೆಯಲ್ಲ, ನಿಮ್ಮ ಯೋಗ್ಯತೆಯ ಅಳತೆಯೂ ಅಲ್ಲ. ಆದರೆ ನಿದ್ದೆ ಬಾರದೆ, ಊಟ ಸೇರದೆ, ಯಾರ ಜೊತೆಯೂ ಮಾತು ಬೇಡವೆನಿಸಿ ವಾರಗಟ್ಟಲೆ ಕಳೆದರೆ ಸುಮ್ಮನಿರಬೇಡಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಗೆ ದೇಶಮಟ್ಟದ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಮಾತು 7: “ಹಗಲು ರಾತ್ರಿ ದುಡಿದವರೇ ಕಾಯಂ ಆಗೋದು”

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದ ಮೇಲೆ ಈ ಚರ್ಚೆ ಮನೆಮನೆಗೂ ಬಂತು. ಲೆಕ್ಕ ನೋಡಿ. ವಾರಕ್ಕೆ ಆರು ದಿನವೆಂದರೆ ದಿನಕ್ಕೆ ಸುಮಾರು 11 ಗಂಟೆ 40 ನಿಮಿಷ. ಬೆಂಗಳೂರಿನ ಓಡಾಟಕ್ಕೆ ಮೂರು ಗಂಟೆ ಸೇರಿಸಿ. ಸ್ನಾನ, ಊಟ, ಬಟ್ಟೆ ಒಗೆಯುವುದು, ನಿದ್ದೆ ಎಲ್ಲಕ್ಕೂ ಸೇರಿ ಉಳಿಯುವುದು 9 ಗಂಟೆ 20 ನಿಮಿಷ. ದೊಡ್ಡವರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರ ಸಂಘಟನೆಗಳು ಹೇಳುತ್ತವೆ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಟ್ಟಾಗಿ ಪ್ರಕಟಿಸಿದ ವರದಿಯ ಪ್ರಕಾರ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಒಂದು ವಾರ ಹೆಚ್ಚು ದುಡಿದರೆ ಹೀಗಾಗುತ್ತದೆ ಎಂದಲ್ಲ. ವರ್ಷಗಟ್ಟಲೆ ಅದೇ ಅಭ್ಯಾಸವಾದಾಗಿನ ಮಾತು ಇದು. ಕೆಲಸ ಮುಗಿಸಬೇಕಾದ ದಿನ ಹೆಚ್ಚು ಹೊತ್ತು ಕೂರಬೇಕಾಗಬಹುದು. ಆದರೆ ಇಂಟರ್ನ್‌ನಲ್ಲಿ ಮೇಲಿನವರು ನೋಡುವುದು ಆಫೀಸಿನ ದೀಪ ಆರಿಸಿದವರು ಯಾರು ಎಂದಲ್ಲ. ಹೇಳಿದ ದಿನ ಕೊಟ್ಟರೇ, ತಪ್ಪಾದಾಗ ಮುಚ್ಚಿಡದೆ ಹೇಳಿದರೇ, ಒಮ್ಮೆ ತಿದ್ದಿದ್ದು ಮತ್ತೆ ಆಗಲಿಲ್ಲವೇ ಎಂಬುದನ್ನು ನೋಡುತ್ತಾರೆ. ದಿನದ ಕೊನೆಗೆ “ಇವತ್ತು ಇಷ್ಟು ಆಯಿತು, ಇದು ಬಾಕಿ, ನಾಳೆ ಇದು” ಎಂದು ಮೂರು ಸಾಲು ಬರೆದು ಕಳಿಸುವ ಅಭ್ಯಾಸ ಎರಡು ಗಂಟೆ ಸುಮ್ಮನೆ ಕೂರುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೊನೆಗೆ ಅದೇ ನಿಮ್ಮ ಕಾಲೇಜಿನ ವರದಿಯೂ ಆಗುತ್ತದೆ.

ಮಾತು 8: “ಇನ್‌ಫ್ಲುಯೆನ್ಸ್ ಇಲ್ಲದೆ ಏನೂ ಆಗುವುದಿಲ್ಲ”

ದೊಡ್ಡ ಊರಿಗೆ ಹೊರಡುವವರಿಗೆ ಗುರುತಿನವರೊಬ್ಬರು ಬೇಕು ಎಂಬುದು ಬಹಳ ಹಳೆಯ ಮಾತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ 5ನೇ ಶತಮಾನದ ಕಂಬದ ಶಾಸನವೇ ಇದನ್ನು ಹೇಳುತ್ತದೆ. ಮಯೂರಶರ್ಮ ಓದಲು ಕಂಚಿಯ ಘಟಿಕೆಗೆ ಹೋದದ್ದು ಒಬ್ಬನೇ ಅಲ್ಲ, ಹಿರಿಯನಾದ ವೀರಶರ್ಮನ ಜೊತೆ. ಅಲ್ಲಿ ಅವಮಾನವಾಗಿ ಓದು ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ್ದು ಮುಂದಿನ ಕತೆ.

ಪರಿಚಯ ಉಪಯೋಗಕ್ಕೆ ಬರುತ್ತದೆ ಎಂಬುದು ನಿಜ. ಆದರೆ ಅದು ಶಾಸಕರ ಪತ್ರವೇ ಆಗಬೇಕಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ, ಕೆಲಸದ ಸುದ್ದಿ ಹತ್ತಿರದ ಬಂಧುಗಳಿಗಿಂತ ಅಷ್ಟಾಗಿ ಹತ್ತಿರವಲ್ಲದ ಪರಿಚಯಸ್ಥರಿಂದ ಬರುವುದು ಹೆಚ್ಚು ಎಂದು ವಾದಿಸಿದರು. ಕಾರಣ ಸರಳ: ನಮ್ಮ ಮನೆಯವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಮೇಲೆ ಇದನ್ನು ಪರೀಕ್ಷಿಸಿ, ಸಾಧಾರಣ ಪರಿಚಯದವರೇ ಕೆಲಸ ಬದಲಿಸಲು ಹೆಚ್ಚು ನೆರವಾಗುತ್ತಾರೆ ಎಂದು ಕಂಡುಕೊಂಡಿತು.

ಇದನ್ನು ನಮ್ಮ ಊರಿಗೆ ಹೊಂದಿಸಿ ನೋಡಿ. ನಿಮ್ಮ ಕಾಲೇಜಿನಲ್ಲಿ ಮೂರು ವರ್ಷ ಹಿಂದೆ ಓದಿ ಈಗ ಬೆಂಗಳೂರಿನಲ್ಲಿರುವ ಸೀನಿಯರ್ ಅಕ್ಕನೋ ಅಣ್ಣನೋ ಅಂಥ ಪರಿಚಯಸ್ಥರು. ಅವರನ್ನು “ಕೆಲಸ ಕೊಡಿಸಿ” ಎಂದು ಕೇಳಬೇಡಿ, ಅವರಿಗೂ ಮುಜುಗರ. “ನಿಮ್ಮ ಆಫೀಸಿನಲ್ಲಿ ಇಂಟರ್ನ್‌ಗಳನ್ನು ಯಾವಾಗ ತೆಗೆದುಕೊಳ್ಳುತ್ತಾರೆ, ಏನು ಕಲಿತಿರಬೇಕು” ಎಂದು ಕೇಳಿ. ನೀವು ಹೋಗಿ ಬಂದ ಮೇಲೆ ನಿಮ್ಮ ಕಾಲೇಜಿನ ಮುಂದಿನ ತಂಡಕ್ಕೆ ಅದೇ ಮಾಹಿತಿ ಕೊಡಿ.

ಮಾತು 9: “ಇಂಟರ್ನ್ ನೌಕರನೇ ಅಲ್ಲ, ದೂರು ಕೊಡಲು ಹಕ್ಕಿಲ್ಲ”

ಲೈಂಗಿಕ ಕಿರುಕುಳದ ವಿಷಯದಲ್ಲಿ ಇದು ಪೂರ್ತಿ ಸುಳ್ಳು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರದ್ದು. ಅದರಲ್ಲಿ ನೌಕರರು ಎಂದರೆ ಟ್ರೈನಿ, ಅಪ್ರೆಂಟಿಸ್, ಸಂಬಳ ಇಲ್ಲದೆ ಕೆಲಸ ಮಾಡುವವರು ಎಲ್ಲರೂ ಸೇರುತ್ತಾರೆ. 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆಯಾದ ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಮೆಸೇಜುಗಳನ್ನು ಅಳಿಸಬೇಡಿ, ದಿನಾಂಕ ಬರೆದಿಡಿ. ಮನೆಯವರು ಇಂಥ ಮಾತು ಕೇಳಿದಾಗ “ಬ್ಯಾಗು ತಗೊಂಡು ಊರಿಗೆ ಬಾ” ಎನ್ನುವ ಮೊದಲು “ನಿನ್ನ ತಪ್ಪಲ್ಲ” ಎಂದು ಹೇಳಿದರೆ, ಮುಂದೆ ಏನು ಮಾಡಬೇಕೆಂದು ಮಕ್ಕಳು ಧೈರ್ಯವಾಗಿ ತೀರ್ಮಾನಿಸುತ್ತಾರೆ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

ಇಂಟರ್ನ್‌ಶಿಪ್‌ನ ಯಾವುದೇ ಸಂದೇಶ ಬಂದರೂ ಹೊರಡುವ ಮೊದಲು ಈ ಆರು ಪ್ರಶ್ನೆಗೆ ಉತ್ತರ ಬರಹದಲ್ಲಿ ಸಿಗಬೇಕು:

1. ನಾನು ಹಣ ಕಟ್ಟಬೇಕೇ? ಹೌದಾದರೆ ಬೇಡ.
2. ತಿಂಗಳಿಗೆ ಎಷ್ಟು ಕೊಡುತ್ತಾರೆ, ಯಾವ ದಿನ ಖಾತೆಗೆ ಬರುತ್ತದೆ?
3. ಎಷ್ಟು ತಿಂಗಳು, ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಜೆ?
4. ನನಗೆ ಕಲಿಸುವವರ ಹೆಸರು ಮತ್ತು ಹುದ್ದೆ ಏನು?
5. ನಡುವೆ ಬಿಟ್ಟರೆ ಏನಾಗುತ್ತದೆ? ಮೂಲ ಅಂಕಪಟ್ಟಿ, ಚೆಕ್ ಕೇಳುತ್ತಾರೆಯೇ?
6. ಮುಗಿದ ಮೇಲೆ ಪ್ರಮಾಣಪತ್ರ ಯಾರು, ಯಾವಾಗ ಕೊಡುತ್ತಾರೆ?

ಉತ್ತರ ಕೊಡಲು ಬೇಸರ ಪಡುವ ಕಡೆ ಆರು ತಿಂಗಳು ಇದ್ದು ಕಲಿಯುವುದು ಏನೂ ಇರುವುದಿಲ್ಲ. ತಾಳ್ಮೆಯಿಂದ ಉತ್ತರ ಕೊಟ್ಟರೆ ಕಂಪನಿ ಚಿಕ್ಕದಾದರೂ, ಆಫೀಸು ಸಣ್ಣ ಗಲ್ಲಿಯಲ್ಲಿದ್ದರೂ ಹೋಗಿ ನೋಡಬಹುದು.